ಮೂಡುಬಿದಿರೆಯ ಮಹಡಿಯಲ್ಲಿ ಓದುತ್ತಿದ್ದ ಕಂಪ್ಯೂಟರ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪಾಣೆಮಂಗಳೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ ಟೈಪ್ ಮಾಡುತ್ತಿದ್ದೆ. ಪಿಯುಸಿ ಮುಗಿದ ಮೇಲೆ ಬಂಟ್ವಾಳ ಪೇಟೆಯಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದೆ. ಕಬ್ಬಿಣದ ಆ ಯಂತ್ರದ ಮೇಲೆ ಒತ್ತಕ್ಷರ ಹೊಡೆದು ಹೊಡೆದು ಗಟ್ಟಿಯಾದ ಬೆರಳುಗಳಿಗೆ ಕಂಪ್ಯೂಟರಿನ ಕೀಲಿಮಣೆ ಹತ್ತಿಯಂತೆ ಹಗುರವಾಗಿತ್ತು. ನಾನು ತಪ್ಪು ಟೈಪ್ ಮಾಡುವುದಿಲ್ಲ ಎಂಬ ಹೆಸರೊಂದಿತ್ತು. ಒಮ್ಮೆ ಮಾತ್ರ ಒಬ್ಬ ಮದುಮಗನ ಹೆಸರಿನಲ್ಲಿ ದೀರ್ಘ ಬಿಟ್ಟುಹೋಗಿ, ಮುನ್ನೂರು ಕಾಗದಕ್ಕೂ ಕೈಯಲ್ಲೇ ದೀರ್ಘ ಎಳೆದು ಕೊಟ್ಟಿದ್ದೆ. ಆಮೇಲೆ ಪ್ರತಿ ಅಕ್ಷರವನ್ನೂ ಎರಡು ಸಲ ನೋಡುವ ಅಭ್ಯಾಸವಾಯಿತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ಒಂದು ಮಧ್ಯಾಹ್ನ ನನಗಿಂತ ಸ್ವಲ್ಪ ದೊಡ್ಡ ಹೆಂಗಸೊಬ್ಬರು ಕೈಯಲ್ಲಿ ಕಾಗದದ ಕಟ್ಟು ಹಿಡಿದುಕೊಂಡು ಅಂಗಡಿಗೆ ಬಂದರು. ಚಾರ್ಮಾಡಿಯವರು. ಮಿಜಾರಿನ ಕಡೆ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾ, ಜೊತೆಗೆ ಪಿಎಚ್.ಡಿ.ಯನ್ನೂ ಮಾಡುತ್ತಾ ಮೂಡುಬಿದಿರೆಯಲ್ಲಿ ಬಾಡಿಗೆಗಿದ್ದರು. ಅವರು ತಂದ ಹಾಳೆಗಳ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಚೆಲ್ಲಿದ್ದವು.

"ಇದು ಕನ್ನಡ ಅಂತ ನಿಮಗೆ ಗೊತ್ತಾಗ್ತದಾ?" ಎಂದು ಕೇಳಿದರು.

ನನಗೆ ಗೊತ್ತಾಯಿತು. ಆಗ ಒಂದೊಂದು ಪತ್ರಿಕೆಯ ವೆಬ್‌ಸೈಟಿಗೂ ಒಂದೊಂದು ಫಾಂಟ್ ಇತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೀಗೆ ಬರುತ್ತಿತ್ತು. ವರ್ಷಗಟ್ಟಲೆ ಅದನ್ನೇ ನೋಡಿದ್ದರಿಂದ ಯಾವ ಚಿಹ್ನೆ ಯಾವ ಅಕ್ಷರ ಎಂದು ಬಾಯಿಪಾಠವಾಗಿತ್ತು. ಮೊದಲ ಎರಡು ಸಾಲು ಓದಿ ಹೇಳಿದೆ. ನೇತ್ರಾವತಿಯಲ್ಲಿ ನೀರು ಏರಿದ ಸುದ್ದಿ.

ಅವರು ಕುರ್ಚಿ ಎಳೆದು ಕೂತೇಬಿಟ್ಟರು. "ಹಾಗಾದ್ರೆ ನೀವು ನಮ್ಮಲ್ಲಿಗೆ ಬರ್ಬೇಕು ಮಾರಾಯ್ರೆ. ಕಂಪ್ಯೂಟರಿಗೆ ಕನ್ನಡ ಓದ್ಲಿಕ್ಕೆ ಕಲಿಸುವ ಕೆಲಸ ಉಂಟು."

ಅಂಗಡಿಯಲ್ಲಿ ಆಗ ಕೆಲಸ ಕಡಿಮೆಯಾಗುತ್ತಿತ್ತು. ಬಾಪನನ್ನು, ಅಂದರೆ ತಂದೆಯನ್ನು, ಕೇಳಿ ಹೇಳುತ್ತೇನೆ ಎಂದೆ. ಬಾಪ ನಿವೃತ್ತ ಪೋಸ್ಟ್‌ಮ್ಯಾನ್. ಪಾಣೆಮಂಗಳೂರಿನ ಓಣಿಗಳಲ್ಲಿ ಮೂವತ್ತು ವರ್ಷ ಸೈಕಲ್ ತುಳಿದವರು. ವಿಷಯ ಕೇಳಿ, "ಯಂತ್ರ ಓದ್ತದೆ ಅಂದ್ರೆ? ಕಣ್ಣಿಲ್ಲ, ತಲೆಯಿಲ್ಲ. ಹೋಗಿ ನೋಡಿ ಬಾ, ನನಗೂ ಹೇಳು" ಎಂದರು. ಅದೇ ಒಪ್ಪಿಗೆ.

ಹಾಗೆ ನಾನು ವಾರಕ್ಕೆ ನಾಲ್ಕು ದಿನ ಬಿ.ಸಿ.ರೋಡಿಗೆ ಹೋಗಿ, ಸಿದ್ದಕಟ್ಟೆ ಮೇಲಿಂದ ಹೋಗುವ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗತೊಡಗಿದೆ. ಮೇಡಂ ಇದ್ದದ್ದು ಪೇಟೆಯೊಳಗೆ ಒಂದು ಮನೆಯ ಮಹಡಿಯಲ್ಲಿ. ಮುಂದಿನ ಕೋಣೆಯಲ್ಲಿ ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಮೂಲೆಯಲ್ಲಿ ಸಿ.ಡಿ.ಗಳ ರಾಶಿ. ಕಿಟಕಿಯ ಕೆಳಗೆ ಸೋಡಾದ ಅಂಗಡಿ. ಬಾಟಲಿ ಒಡೆದಂತೆ ಬರುವ ಆ 'ಟಪ್' ಶಬ್ದ ಕೇಳಿದಾಗ ಹನ್ನೊಂದು ಗಂಟೆಯಾಯಿತು ಎಂದುಕೊಳ್ಳುತ್ತಿದ್ದೆವು. ಮೇಡಂ ಇಂಟರ್ನೆಟ್ಟಿನಿಂದ ಕನ್ನಡದ ಪುಟಗಳನ್ನೆಲ್ಲ ಇಳಿಸಿ ಸಿ.ಡಿ.ಯಲ್ಲಿ ತರುತ್ತಿದ್ದರು. ಅಕ್ಷರಗಳು ಸರಿಯಾಗಿ ಕನ್ನಡಕ್ಕೆ ತಿರುಗಿವೆಯೇ ಎಂದು ನೋಡುವುದು ನನ್ನ ಮೊದಲ ಕೆಲಸ. ಅದು ಎರಡು ತಿಂಗಳಲ್ಲಿ ಮುಗಿಯಿತು. ಆಮೇಲೆ ನಿಜವಾದ ಕೆಲಸ ಶುರುವಾಯಿತು.

ನಿಜವಾದ ಕೆಲಸಕ್ಕೆ ಇನ್ನೊಬ್ಬರೂ ಬಂದರು, ಬೆಳ್ತಂಗಡಿಯ ನಿವೃತ್ತ ಕನ್ನಡ ಮಾಸ್ಟ್ರು. ಮೇಡಂಗೆ ಹೈಸ್ಕೂಲಿನಲ್ಲಿ ಕಲಿಸಿದವರು. ವೇಣೂರು ಮೇಲಿನ ಬಸ್ಸಿನಲ್ಲಿ ಗುರುವಾರ ಮತ್ತು ಶನಿವಾರ ಬರುತ್ತಿದ್ದರು. ಬಿಳಿ ಶರ್ಟು, ಕಿಸೆಯಲ್ಲಿ ಎರಡು ಪೆನ್ನು. ಕಂಪ್ಯೂಟರಿನ ಮುಂದೆ ಕೂರುವಾಗ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಕನ್ನಡಕ ಒರೆಸಿಕೊಂಡು, ಉತ್ತರಪತ್ರಿಕೆ ತಿದ್ದುವವರ ಹಾಗೆ ಕೂರುತ್ತಿದ್ದರು.

ಮೇಡಂ ನಮ್ಮಿಬ್ಬರಿಗೂ ವಿವರಿಸಿದರು. ಕಂಪ್ಯೂಟರಿಗೆ ಮೊದಲು ಹತ್ತು ನದಿಗಳ ಹೆಸರು ಕೊಡುವುದು, ಹತ್ತು ಊರು, ಹತ್ತು ಹಣ್ಣು, ಹತ್ತು ಕಸುಬು. ಅದು ಆ ಪುಟಗಳನ್ನೆಲ್ಲ ಓದಿ, ಈ ಹೆಸರುಗಳು ಎಂಥ ಮಾತಿನ ನಡುವೆ ಬರುತ್ತವೆ ಎಂದು ನೋಡುತ್ತದೆ. 'ನೇತ್ರಾವತಿ ತುಂಬಿ ಹರಿಯುತ್ತಿದೆ' ಎಂದು ನಾಲ್ಕು ಕಡೆ ಕಂಡರೆ, ಯಾವುದು ತುಂಬಿ ಹರಿಯುತ್ತದೋ ಅದು ನದಿ ಎಂದು ತಿಳಿದುಕೊಳ್ಳುತ್ತದೆ. ಮುಂದೆ ಬೇರೆ ಪುಟದಲ್ಲಿ 'ಫಲ್ಗುಣಿ ತುಂಬಿ ಹರಿಯುತ್ತಿದೆ' ಎಂದಿದ್ದರೆ, ಯಾರೂ ಹೇಳಿಕೊಡದೆ, ಫಲ್ಗುಣಿಯೂ ನದಿ ಎಂದು ಬರೆದಿಡುತ್ತದೆ.

"ಅಷ್ಟೇಯಾ?" ಎಂದರು ಮಾಸ್ಟ್ರು.

"ಅಷ್ಟೇ ಸಾರ್. ಅದು ಕಲಿತದ್ದನ್ನು ಒಂದೊಂದಾಗಿ ತೋರಿಸ್ತದೆ. ಕೆಳಗೆ ಅದು ಓದಿದ ವಾಕ್ಯವೂ ಇರ್ತದೆ. ವಾಕ್ಯ ನೋಡಿ ಸರಿ ಇದ್ರೆ 'ಸರಿ' ಒತ್ತುವುದು, ಅಲ್ಲದಿದ್ರೆ 'ತಪ್ಪು'. ನೀವು ಹೇಳಿದ್ದರ ಮೇಲೆ ಅದು ಮುಂದಿನದ್ದನ್ನು ಕಲೀತದೆ."

ಮೊದಲ ದಿನ ಫಲ್ಗುಣಿ, ಕುಮಾರಧಾರಾ, ಶಾಂಭವಿ ಒಂದರ ಹಿಂದೊಂದು ಪರದೆಯ ಮೇಲೆ ಬಂದಾಗ ನನಗೆ ಮೈ ಜುಂ ಎಂದಿತು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಓದಿಕೊಂಡಿತ್ತು. ನಾಲ್ಕನೆಯದಾಗಿ ಬಂದದ್ದು 'ಚರಂಡಿ'. ಪತ್ರಿಕೆಯಲ್ಲಿ ಚರಂಡಿ ತುಂಬಿ ಹರಿಯುವಷ್ಟು ಸಲ ನೇತ್ರಾವತಿಯೂ ಹರಿಯುವುದಿಲ್ಲವಲ್ಲ! ಮಾಸ್ಟ್ರು ಬಹಳ ಹೊತ್ತು ಯೋಚಿಸಿ, "ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರದ್ದಾದ್ರೆ ಸರಿ ಅಂತಲೇ ಒತ್ತಬಹುದಿತ್ತು" ಎಂದು ಹೇಳಿ 'ತಪ್ಪು' ಒತ್ತಿದರು. ಅವರು ನಗಿಸುತ್ತಾರೆ ಎಂದು ನನಗೆ ಗೊತ್ತಾದದ್ದು ಆಗಲೇ.

ಅಂಥವು ದಿನವೂ ಬರುತ್ತಿದ್ದವು. ಮಳೆಗಾಲದ ಸುದ್ದಿಗಳಲ್ಲಿ 'ಚಾರ್ಮಾಡಿ ಬಂದ್' ಎಂದು ಓದಿ, ಅಂಗಡಿ ಬಂದ್ ಆಗುತ್ತದೆ, ಆದ್ದರಿಂದ ಚಾರ್ಮಾಡಿ ಒಂದು ಅಂಗಡಿ ಎಂದು ಕಲಿಯಿತು. ಮೇಡಂ ಅಡುಗೆಮನೆಯಿಂದ ಓಡಿ ಬಂದು ನೋಡಿ, "ಅಯ್ಯೋ ದೇವರೇ, ನನ್ನ ಇಡೀ ಊರನ್ನು ಅಂಗಡಿ ಮಾಡಿತು!" ಎಂದು ನಗುತ್ತಾ ಕೈಯಲ್ಲಿದ್ದ ಸೌಟಿನಿಂದ ಕಂಪ್ಯೂಟರಿಗೆ ಹೊಡೆಯುವ ಹಾಗೆ ಮಾಡಿದರು. ಒಂದು ತಪ್ಪನ್ನು ನಾವು ಬಿಟ್ಟರೆ ಅದರ ಬಾಲ ಹಿಡಿದುಕೊಂಡು ಹತ್ತು ತಪ್ಪು ಬರುತ್ತಿದ್ದವು. ಚಾರ್ಮಾಡಿ ಅಂಗಡಿಯಾದ ವಾರ ಶಿರಾಡಿಯೂ ಆಗುಂಬೆಯೂ ಅಂಗಡಿಗಳಾದವು.

ಸಂಜೆ ಮನೆಗೆ ಬಂದರೆ ಬಾಪ ಕಾಯುತ್ತಿರುತ್ತಿದ್ದರು. "ಇವತ್ತು ಎಂತ ಕಲಿತಿತು ನಿಮ್ಮ ಯಂತ್ರ?" ನಾನು ಆ ದಿನದ ತಪ್ಪುಗಳನ್ನು ಹೇಳುತ್ತಿದ್ದೆ. ಉಮ್ಮ, ಅಂದರೆ ತಾಯಿ, ಮೀನು ಕೊಯ್ಯುತ್ತಾ ಅಲ್ಲಿಂದಲೇ ಕೇಳಿಸಿಕೊಂಡು ನಗುತ್ತಿದ್ದರು. ಬಾಪ ನಗುವುದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದರು. ಮನೆಯಲ್ಲಿ ನಾವು ಮಾತಾಡುತ್ತಿದ್ದುದು ಬ್ಯಾರಿ ಭಾಷೆ. ಅದನ್ನು ಆ ಯಂತ್ರ ಓದುತ್ತದೆಯೇ ಎಂದು ಒಮ್ಮೆ ಕೇಳಿದರು. ಇಂಟರ್ನೆಟ್ಟಿನಲ್ಲಿ ಬ್ಯಾರಿಯಲ್ಲಿ ಬರೆದದ್ದು ಇಲ್ಲವಲ್ಲ ಎಂದೆ. "ಹಾಗಾದ್ರೆ ನಾವು ಮಾತಾಡುವುದು ಅದಕ್ಕೆ ಗೊತ್ತೇ ಇಲ್ಲ" ಎಂದರು. ಬೇಸರದಿಂದ ಹೇಳಿದರೋ ನೆಮ್ಮದಿಯಿಂದಲೋ ತಿಳಿಯಲಿಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಬಾಪನಿಗೆ ಎದೆನೋವು ಬಂತು. ಮಂಗಳೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಮನೆಗೆ ಬಂದರು. ಮನಸ್ಸಿಗೆ ಆಘಾತವಾಗುವಂಥದ್ದೇನೂ ಹೇಳಬೇಡಿ ಎಂದು ಡಾಕ್ಟರು ಉಮ್ಮನಿಗೂ ನನಗೂ ಎಚ್ಚರಿಸಿದ್ದರು. ಅವರು ಆಸ್ಪತ್ರೆಯಲ್ಲಿದ್ದಾಗಲೇ ನಮ್ಮ ಪೇಟೆಯಲ್ಲಿ ಮರದ ಡಿಪೋ ಇಟ್ಟುಕೊಂಡಿದ್ದ ಹಿರಿಯರೊಬ್ಬರು ತೀರಿಕೊಂಡಿದ್ದರು. ಬಾಪನ ಹೆಸರೂ ಅವರ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ. ಬಾಪ ನಿವೃತ್ತರಾದ ಮೇಲೆ ಬಂದ ಹೊಸ ಪೋಸ್ಟ್‌ಮ್ಯಾನ್‌ಗಳ ಕೈಯಲ್ಲಿ ಒಬ್ಬರ ಕಾಗದ ಇನ್ನೊಬ್ಬರಿಗೆ ಹೋಗಿ, ಅದನ್ನು ಬದಲಾಯಿಸಿಕೊಳ್ಳುವ ನೆಪದಲ್ಲಿ ಚಹಾ ಕುಡಿದೂ ಕುಡಿದೂ ಸ್ನೇಹವಾಗಿತ್ತು. ಊರಿನಲ್ಲಿ ಒಬ್ಬರು 'ಪೋಸ್ಟಿನವರು', ಇನ್ನೊಬ್ಬರು 'ಡಿಪೋದವರು'. ಡಿಪೋದವರು ಹೋದ ವಿಷಯವನ್ನು ನಾವು ಬಾಪನಿಗೆ ಹೇಳಲಿಲ್ಲ. ನೋಡಲು ಬಂದವರಿಗೂ ಬಾಗಿಲಲ್ಲೇ ಹೇಳಿ ಒಳಗೆ ಬಿಡುತ್ತಿದ್ದೆವು.

ಆ ವಾರ ನಾನು ಮತ್ತೆ ಮೂಡುಬಿದಿರೆಗೆ ಹೋದೆ. ಕಂಪ್ಯೂಟರ್ ಆಗ ವ್ಯಕ್ತಿಗಳ ವಿಷಯ ಕಲಿಯುತ್ತಿತ್ತು. ಯಾರು, ಯಾವ ಊರು, ಏನು ಕೆಲಸ, ಬದುಕಿದ್ದಾರೋ ಇಲ್ಲವೋ. ಹತ್ತೂವರೆಯ ಸುಮಾರಿಗೆ ಪರದೆಯ ಮೇಲೆ ಬಾಪನ ಹೆಸರು ಬಂತು. ಪಾಣೆಮಂಗಳೂರು. ನಿವೃತ್ತ ಪೋಸ್ಟ್‌ಮ್ಯಾನ್. ನಿಧನ. ಸರಿಯೋ, ತಪ್ಪೋ?

ಏನಾಗಿದೆ ಎಂದು ನನಗೆ ಅರ್ಥವಾಗದೆ ಇರಲಿಲ್ಲ. ಬಾಪನಿಗೆ ಹಿಂದೆ ಯಾವುದೋ ಸಂಘದವರು ಸನ್ಮಾನ ಮಾಡಿದ್ದ ಸುದ್ದಿಯನ್ನು ಓದಿ ಕಸುಬು ಬರೆದುಕೊಂಡಿತ್ತು. ಈಗ ಡಿಪೋದವರು ತೀರಿಕೊಂಡ ಸುದ್ದಿ ಓದಿ, ಹೆಸರೂ ಊರೂ ಒಂದೇ ಆದ್ದರಿಂದ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿತ್ತು. ಕೆಳಗೆ ತೋರಿಸಿದ್ದ ವಾಕ್ಯದಲ್ಲಿ ಪೋಸ್ಟ್‌ಮ್ಯಾನ್ ಎಂದಿರಲಿಲ್ಲ. ಇಂಥವರು ಪಾಣೆಮಂಗಳೂರಿನಲ್ಲಿ ನಿಧನರಾದರು ಎಂದಷ್ಟೇ ಇತ್ತು. ವಾಕ್ಯ ನೋಡಿ ಹೇಳಬೇಕು ಎಂಬುದು ನಿಯಮ. ವಾಕ್ಯ ನಿಜ. ಮೇಡಂ ಕಾಲೇಜಿನಲ್ಲಿದ್ದರು, ಮಾಸ್ಟ್ರು ಬರುವ ದಿನವಲ್ಲ. ಬಾಪ ಆ ಹೊತ್ತಿಗೆ ಮನೆಯಲ್ಲಿ ಗಂಜಿ ಕುಡಿದು ಮಲಗಿರುತ್ತಾರೆ ಎಂದು ನೆನೆಸಿಕೊಂಡೆ. 'ತಪ್ಪು' ಒತ್ತಿದೆ.

ಸ್ವಲ್ಪ ಹೊತ್ತಿಗೆ ಅದೇ ಹೆಸರು ಮತ್ತೆ ಬಂತು. ಬೇರೆ ಪತ್ರಿಕೆ, ಬೇರೆ ಮಾತು: 'ಅಗಲಿದ್ದಾರೆ'. ತಪ್ಪು. ಆಮೇಲೆ 'ಕೊನೆಯುಸಿರೆಳೆದರು'. ತಪ್ಪು. 'ನಿಧನ ಹೊಂದಿದರು', 'ಇಹಲೋಕ ತ್ಯಜಿಸಿದರು'. ಡಿಪೋದವರು ಊರಿಗೆ ಬೇಕಾದವರು, ಎಲ್ಲ ಪತ್ರಿಕೆಗಳೂ ಬರೆದಿದ್ದವು. ಐದು ಸಲ ಕೇಳಿತು, ಐದು ಸಲವೂ ತಪ್ಪು ಎಂದೆ. ಕೊನೆಯ ಸಲ ಒತ್ತುವಾಗ ನನಗೆ ಸಿಟ್ಟು ಬಂದಿತ್ತು. ಮನೆಬಾಗಿಲಲ್ಲಿ ನಿಂತು ತಡೆದ ಸುದ್ದಿ ಇಲ್ಲಿ ಕಿಟಕಿಯಿಂದ ನುಗ್ಗಿದ ಹಾಗಿತ್ತು. ಆ ದಿನ ಬೇಗ ಮನೆಗೆ ಹೋದೆ. ಎಂತ ಕಲಿತಿತು ಎಂದು ಬಾಪ ಕೇಳಿದಾಗ ಹಲಸಿನ ಹಣ್ಣಿನ ಏನೋ ಒಂದು ಹಳೆಯ ತಪ್ಪನ್ನೇ ಹೇಳಿದೆ.

ಎರಡು ವಾರ ಕಳೆದಿರಬೇಕು. ಒಂದು ಶನಿವಾರ ಮಾಸ್ಟ್ರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು: "ಅಲ್ಲ, ನಮ್ಮ ಜಿಲ್ಲೆಯಲ್ಲಿ ಈಚೆಗೆ ಯಾರೂ ಸಾಯುವುದಿಲ್ಲವಾ?"

ಮೇಡಂ ಎದ್ದು ಬಂದರು. ಮಾಸ್ಟ್ರು ತೋರಿಸಿದರು. ಮೊದಲೆಲ್ಲ ದಿನಕ್ಕೆ ಇಪ್ಪತ್ತು ಮೂವತ್ತು ನಿಧನ ಬರುತ್ತಿದ್ದಲ್ಲಿ ಈಗ ಒಂದೂ ಇಲ್ಲ. ತಾವೇ ಶವಸಂಸ್ಕಾರಕ್ಕೆ ಹೋಗಿ ಬಂದ ಬೆಳ್ತಂಗಡಿಯ ಒಬ್ಬ ಪರಿಚಯಸ್ಥರ ಹೆಸರು ಹಾಕಿ ಹುಡುಕಿದರು. ಬದುಕಿದ್ದಾರೆ ಎಂದು ತೋರಿಸಿತು. ಮೇಡಂ ಹಿಂದಿನ ದಾಖಲೆಗಳನ್ನು ತೆಗೆದು ಒಂದೊಂದಾಗಿ ಕೆಳಗೆ ಸರಿಸತೊಡಗಿದರು. ಯಾವುದನ್ನು ಯಾರು ಯಾವಾಗ ಒತ್ತಿದರು ಎಂಬುದೆಲ್ಲ ಅದರಲ್ಲಿರುತ್ತಿತ್ತು. ಅವರು ಅಲ್ಲಿಗೆ ತಲುಪುವ ಮೊದಲೇ ನಾನು ಹೇಳಿಬಿಟ್ಟೆ.

"ಮೇಡಂ, ನಾನು ಒತ್ತಿದ್ದು. ಬಾಪನ ಹೆಸರಿತ್ತು."

ಅವರು ಆ ಐದು ಸಾಲುಗಳನ್ನು ನೋಡಿದರು. ಮನುಷ್ಯರು ಹೇಳಿದ್ದೇ ಕೊನೆಯ ಮಾತು ಎಂದು ಅವರೇ ಕಂಪ್ಯೂಟರಿಗೆ ಹೇಳಿಟ್ಟಿದ್ದರು. ಐದು ಬಗೆಯ ಮಾತಿನಲ್ಲಿ ಕೇಳಿದಾಗ ಐದಕ್ಕೂ ತಪ್ಪು ಎಂಬ ಉತ್ತರ ಬಂದದ್ದರಿಂದ, ಆ ಐದು ಮಾತುಗಳನ್ನೂ ಇನ್ನು ನಂಬಬಾರದು ಎಂದು ಅದು ತಿಳಿದುಕೊಂಡಿತ್ತು. ಸಾವಿನ ಸುದ್ದಿ ಬರೆಯುವವರು ಬಳಸುವುದು ಹೆಚ್ಚುಕಡಿಮೆ ಆ ಐದನ್ನೇ.

ಮಾಸ್ಟ್ರು ಕನ್ನಡಕ ತೆಗೆದರು. "ನೋಡಮ್ಮ, ವಾಕ್ಯ ಎಂತ ಹೇಳ್ತದೋ ಅದಕ್ಕೆ ಉತ್ತರ ಕೊಡ್ಬೇಕು. ನಮಗೆ ಎಂತ ಬೇಕೋ ಅದಕ್ಕೆ ಅಲ್ಲ. ಅದು ನಮ್ಮನ್ನು ನಂಬಿ ಕೂತಿದೆ."

ಅವರು ಗಟ್ಟಿಯಾಗಿ ಹೇಳಲಿಲ್ಲ. ಆದರೂ ಶಾಲೆಯಲ್ಲಿ ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸಿದಂತಾಗಿ ನನ್ನ ಕಿವಿ ಬಿಸಿಯಾಯಿತು. ಮೇಡಂ ಮಾತ್ರ ದಾಖಲೆಯನ್ನು ಮುಚ್ಚಿ, "ತಂದೆ ಹೇಗಿದ್ದಾರೆ ಈಗ?" ಎಂದು ಕೇಳಿದರು. ಅದಕ್ಕೆ ಉತ್ತರ ಕೊಡಲು ಹೋಗಿ ಅಳು ಬಂತು. ಅವರು ನೀರು ತಂದುಕೊಟ್ಟು, ಇವತ್ತು ಮನೆಗೆ ಹೋಗಿ, ಸೋಮವಾರ ನೋಡುವ ಎಂದರು.

ಮನೆಯಲ್ಲಿ ಬಾಪ ಜಗಲಿಯ ಕುರ್ಚಿಯಲ್ಲಿದ್ದರು. ಮುಖ ನೋಡಿಯೇ, "ಎಂತಾಯ್ತು? ಯಂತ್ರ ಹಾಳಾಯ್ತಾ?" ಎಂದರು.

"ನಾನೇ ಹಾಳು ಮಾಡಿದೆ" ಎಂದೆ. ಬಿಡದೆ ಕೇಳಿದರು. ತಮಾಷೆಯಾಗಿ ಹೇಳಿ ಮುಗಿಸಬಹುದು ಎಂದುಕೊಂಡು, "ನಿಮ್ಮ ಹೆಸರು ಹಾಕಿ ತೀರಿಕೊಂಡ್ರು ಅಂತ ತೋರಿಸಿತು. ಐದು ಸಲ. ನಾನು ಐದು ಸಲವೂ ಇಲ್ಲ ಅಂದೆ" ಎಂದೆ.

ಬಾಪ ಜೋರಾಗಿ ನಕ್ಕರು. "ಐದು ಸಲ ಸತ್ತೆನಾ ನಾನು! ಕೇಳಿದೆಯಾ?" ಎಂದು ಒಳಗಿದ್ದ ಉಮ್ಮನಿಗೆ ಕೂಗಿದರು. ಉಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತ್ತು. ಬಾಪ ಒಮ್ಮೆ ಉಮ್ಮನ ಮುಖ ನೋಡಿದರು, ಒಮ್ಮೆ ನನ್ನ ಮುಖ. ನಗು ನಿಂತಿತು.

"ಪೇಪರಿನಲ್ಲಿ ಬಂದದ್ದನ್ನೇ ಅಲ್ಲವಾ ಅದು ಓದುವುದು?" ಎಂದರು ನಿಧಾನವಾಗಿ. "ಹಾಗಾದ್ರೆ ಡಿಪೋದವ ಹೋದನಾ?"

ನಾನು ಹೌದೆಂದು ತಲೆಯಾಡಿಸಿದೆ.

"ಅದಕ್ಕೇ ನೋಡ್ಲಿಕ್ಕೆ ಬರ್ಲಿಲ್ಲ ಅವನು. ನಾನು ಸಿಟ್ಟು ಮಾಡಿಕೊಂಡು ಕೂತಿದ್ದೆ. ಇಷ್ಟು ವರ್ಷದ ಸ್ನೇಹ, ಒಮ್ಮೆ ಬಂದು ತಲೆ ಹಾಕ್ಲಿಲ್ಲ ಅಂತ."

ಉಮ್ಮ ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು. ನನಗೆ ಬಾಪನ ಎದೆಯದೇ ಚಿಂತೆ. ಅವರು ಎದೆ ಮುಟ್ಟಿಕೊಳ್ಳಲಿಲ್ಲ, ಅಳಲೂ ಇಲ್ಲ. ಕೊನೆಗೆ, "ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗುವ. ರಿಕ್ಷಾ ಹೇಳು" ಎಂದರು. ಹೋದೆವು. ಡಿಪೋದವರ ಹೆಂಡತಿಯ ಎದುರು ಬಾಪ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಹೊರಡುವಾಗ ಆ ಮನೆಯವರು ಒಂದು ಕವರು ತಂದುಕೊಟ್ಟರು. ಬಾಪನಿಗೆ ಪಿಂಚಣಿ ಕಚೇರಿಯಿಂದ ಬಂದ ಕಾಗದ. ಎಂದಿನಂತೆ ಅಲ್ಲಿಗೆ ಹೋಗಿತ್ತು.

ರಿಕ್ಷಾದಲ್ಲಿ ಬರುವಾಗ ಬಾಪ ಆ ಕವರನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಹೇಳಿದರು: "ಈ ಹೆಸರಿನವರು ನನ್ನ ಬೀಟಿನಲ್ಲಿ ಏಳು ಮಂದಿ ಇದ್ರು. ನಿಮ್ಮ ಯಂತ್ರದ ತಪ್ಪಲ್ಲ ಅದು. ಹೆಸರು ಓದಿ ಕಾಗದ ಕೊಡುವವ ಪೋಸ್ಟ್‌ಮ್ಯಾನೇ ಅಲ್ಲ."

ಸೋಮವಾರ ಇದನ್ನು ಮೇಡಂಗೆ ಹೇಳಿದೆ. ಅವರು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು, "ಮತ್ತೆ ಹೇಗೆ ಕೊಡುವುದಂತೆ? ಕೇಳಿಕೊಂಡು ಬನ್ನಿ" ಎಂದರು. ಬಾಪನಿಗೆ ಹೇಳಿದರೆ, "ಇಂಥದ್ದನ್ನೆಲ್ಲ ಹೇಳಿ ಕಳಿಸ್ಲಿಕ್ಕೆ ಆಗುವುದಿಲ್ಲ. ನಾನೇ ಬರ್ತೇನೆ" ಎಂದರು. ಡಾಕ್ಟರು ಒಪ್ಪಿದ ಮೇಲೆ, ಒಂದು ತಿಂಗಳು ಕಳೆದು, ಒಂದು ಶನಿವಾರ ಇಸ್ತ್ರಿ ಹಾಕಿದ ಅಂಗಿ, ತಲೆಗೆ ಬಿಳಿ ಟೊಪ್ಪಿ ಹಾಕಿಕೊಂಡು ನನ್ನೊಟ್ಟಿಗೆ ಬಸ್ಸು ಹತ್ತಿದರು. ಮೂಡುಬಿದಿರೆಯ ಮಹಡಿ ಮೆಟ್ಟಿಲನ್ನು ಮೂರು ಕಡೆ ನಿಂತು ಹತ್ತಿದರು.

ಮಾಸ್ಟ್ರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಬಾಪ ಕಂಪ್ಯೂಟರನ್ನು ಸುತ್ತಲೂ ನೋಡಿ, ಅದರಲ್ಲಿ ತನಗೆ ಆಸಕ್ತಿಯಿಲ್ಲ ಎನ್ನುವ ಹಾಗೆ, "ಕಾಗದದಲ್ಲಿ ಕೊಡಿ" ಎಂದರು. ಅವರ ಹೆಸರಿದ್ದ ವಾಕ್ಯಗಳನ್ನೆಲ್ಲ ಮೇಡಂ ಮುದ್ರಿಸಿ, ಕತ್ತರಿಯಿಂದ ಒಂದೊಂದು ವಾಕ್ಯ ಒಂದೊಂದು ಚೀಟಿಯಾಗುವಂತೆ ಕತ್ತರಿಸಿ ಕೊಟ್ಟರು. ಬಾಪ ಮೇಜಿನ ಮೇಲೆ ಚೀಟಿಗಳನ್ನು ಹಂಚತೊಡಗಿದರು. ಆ ಕೈಚಳಕವನ್ನು ನಾನು ಸಣ್ಣವಳಿದ್ದಾಗ ಅಂಚೆ ಕಚೇರಿಯ ಕಟಕಟೆಯಾಚೆ ನಿಂತು ನೋಡಿದ್ದೆ. ಹೆಬ್ಬೆರಳಲ್ಲಿ ಚೀಟಿ ಜಾರಿಸಿದರೆ ಅದು ತನ್ನ ರಾಶಿಯ ಮೇಲೆ ಹೋಗಿ ಬೀಳುತ್ತಿತ್ತು.

"ಇದು ಹೇಗೆ ಗೊತ್ತಾಯ್ತು ನಿಮಗೆ?" ಎಂದು ಮಾಸ್ಟ್ರು ಒಂದು ಚೀಟಿ ತೋರಿಸಿ ಕೇಳಿದರು.

"ಇದರಲ್ಲಿ ಮಸೀದಿ ಕಮಿಟಿ ಅಂತ ಉಂಟಲ್ಲ? ಆ ಹೆಸರಿನವರಲ್ಲಿ ಕಮಿಟಿಯಲ್ಲಿ ಇದ್ದದ್ದು ಡಿಪೋದವ ಒಬ್ಬನೇ. ಇದು ಕ್ರಿಕೆಟ್. ಕ್ರಿಕೆಟ್ ಅಂದ್ರೆ ಗೂಡಿನಬಳಿ ಅಂತ ಉಂಟಲ್ಲ, ಆ ಊರಿನ ಹುಡುಗ. ಮೊದಲು ಮನೆ ನೋಡ್ಬೇಕು. ಮನೆ ಇಲ್ಲದಿದ್ರೆ ತಂದೆ ಯಾರು. ಅದೂ ಇಲ್ಲದಿದ್ರೆ ಎಂತ ಕೆಲಸ, ಯಾರ ಒಟ್ಟಿಗೆ ಹೆಸರು ಬಂದಿದೆ. ಹೆಸರು ಕೊನೆಗೆ ನೋಡುವುದು."

ಮೇಡಂ ಬರೆದುಕೊಳ್ಳುತ್ತಿದ್ದರು. ಕೊನೆಯಲ್ಲಿ ಆರೇಳು ಚೀಟಿಗಳು ಬಾಪನ ಕೈಯಲ್ಲೇ ಉಳಿದವು.

"ಅವು?" ಎಂದು ಕೇಳಿದರು ಮೇಡಂ.

"ಇವು ಯಾರದ್ದು ಅಂತ ಗೊತ್ತಾಗುವುದಿಲ್ಲ."

"ಅಂದಾಜಿಗೆ ಎಲ್ಲಿ ಹಾಕಬಹುದು?"

"ಅಂದಾಜಿಗೆ ಕೊಡ್ಲಿಕ್ಕಿಲ್ಲ ಅಮ್ಮ. ಗೊತ್ತಿಲ್ಲದಿದ್ರೆ ವಾಪಸ್ ತಂದು ಕಚೇರಿಯಲ್ಲಿ ಇಡುವುದು. ಎರಡು ದಿನ ಬಿಟ್ಟು ಇನ್ನೊಂದು ಕಾಗದ ಬರ್ತದೆ, ಇಲ್ಲದಿದ್ರೆ ಯಾರಾದ್ರೂ ಕೇಳಿಕೊಂಡು ಬರ್ತಾರೆ. ಆಗ ಗೊತ್ತಾಗ್ತದೆ."

ಮೇಡಂ ಪೆನ್ನು ಕೆಳಗಿಟ್ಟರು. ಆಮೇಲೆ ಮಾಸ್ಟ್ರ ಕಡೆ ತಿರುಗಿ, "ಸಾರ್, ನಾವು ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಜಾಗವೇ ಇಡ್ಲಿಲ್ಲ" ಎಂದರು.

ಮುಂದಿನ ವಾರ ಪರದೆಯ ಮೇಲೆ ಮೂರನೆಯ ಗುಂಡಿ ಬಂತು. 'ಸರಿ', 'ತಪ್ಪು', 'ಗೊತ್ತಿಲ್ಲ'. ಗೊತ್ತಿಲ್ಲ ಎಂದು ಒತ್ತಿದ್ದನ್ನು ಕಂಪ್ಯೂಟರ್ ಪಕ್ಕಕ್ಕಿಟ್ಟು, ಹೊಸ ಪುಟಗಳನ್ನು ಓದಿದ ಮೇಲೆ ಮತ್ತೆ ತರುತ್ತಿತ್ತು. ವ್ಯಕ್ತಿಗಳಿಗೆ ಮನೆ, ತಂದೆ, ಕಸುಬು ಎಂದು ಬೇರೆ ಬೇರೆ ಜಾಗ ಮಾಡಿದರು. ನನ್ನ ಐದು ತಪ್ಪುಗಳನ್ನು ನಾನೇ ಕೂತು ತಿದ್ದಿದೆ. ಜಿಲ್ಲೆಯಲ್ಲಿ ಮತ್ತೆ ಜನ ಸಾಯತೊಡಗಿದರು. ಬೆಳ್ತಂಗಡಿಯ ತಮ್ಮ ಪರಿಚಯಸ್ಥರ ಹೆಸರು ಬಂದಾಗ ಮಾಸ್ಟ್ರು ನನ್ನನ್ನು ಕರೆದು, "ನೀವೇ ಒತ್ತಿ" ಎಂದರು. ಆ ದಿನದ ಮಾತಿಗೆ ಅವರು ಕೇಳಿದ ಕ್ಷಮೆ ಅದು ಎಂದು ನಾನು ತಿಳಿದುಕೊಂಡೆ.

ಅಲ್ಲಿಂದ ಮುಂದೆ ಬಾಪ ಹೆಚ್ಚುಕಡಿಮೆ ಪ್ರತಿ ಶನಿವಾರ ಬರತೊಡಗಿದರು. ಕೆಲಸ ನಿಧಾನವಾಯಿತು ಎಂಬುದೂ ನಿಜ. 'ಕಸುಬು' ಎಂಬ ಪಟ್ಟಿಯಲ್ಲಿ 'ಭಾಷಣಕಾರ' ಎಂದು ಬಂದರೆ ಅದು ಕಸುಬೋ ಅಲ್ಲವೋ ಎಂದು ಬಾಪನೂ ಮಾಸ್ಟ್ರೂ ಊಟದ ಹೊತ್ತಿನವರೆಗೆ ಚರ್ಚಿಸುತ್ತಿದ್ದರು. ಮಾಸ್ಟ್ರು ತಮ್ಮ ಪುಸ್ತಕದ ಕನ್ನಡದಲ್ಲಿ, ಬಾಪ ಬ್ಯಾರಿ, ತುಳು, ಕನ್ನಡ ಮೂರನ್ನೂ ಬೆರೆಸಿ. ಮೇಡಂ ಒಳಗಿನಿಂದ, "ಇಬ್ಬರೂ ಗೊತ್ತಿಲ್ಲ ಅಂತ ಒತ್ತಿ ಊಟಕ್ಕೆ ಬನ್ನಿ ಮಾರಾಯ್ರೆ" ಎಂದು ಕರೆಯುತ್ತಿದ್ದರು. ಕಿಟಕಿಯ ಕೆಳಗಿನಿಂದ ಸೋಡಾ ತರಿಸಿ, ನಿಂಬೆಹುಳಿ ಹಿಂಡಿ, ನಾಲ್ವರೂ ಕುಡಿಯುತ್ತಿದ್ದೆವು. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ನಕ್ಕ ದಿನಗಳು ಬೇರೆ ಇಲ್ಲ.

ಮತ್ತೆ ಒಂದೂವರೆ ವರ್ಷಕ್ಕೆ ಮೇಡಂ ಅವರ ಪಿಎಚ್.ಡಿ. ಪ್ರಬಂಧ ಮುಗಿಯಿತು. ಅವರಿಗೆ ಪದವಿ ಬಂತು, ಮೈಸೂರಿನ ಕಡೆ ಕೆಲಸವೂ ಸಿಕ್ಕಿತು. ಪ್ರಬಂಧದ ಕೊನೆಯಲ್ಲಿ ನಮಗೆಲ್ಲ ಕೃತಜ್ಞತೆ ಹೇಳಿ, ಬಾಪನ ಹೆಸರಿನ ಮುಂದೆ 'ನಿವೃತ್ತ ಪೋಸ್ಟ್‌ಮ್ಯಾನ್, ಪಾಣೆಮಂಗಳೂರು' ಎಂದು ಹಾಕಿದ್ದರು. ಬಾಪ ಅದನ್ನು ನೋಡಿ, ಮನೆಯ ಹೆಸರನ್ನೂ ಹಾಕಬೇಕಿತ್ತು ಎಂದರು. ಆ ಕಂಪ್ಯೂಟರ್ ಕಲಿತದ್ದೆಲ್ಲ ಒಂದು ಡಬ್ಬಿ ಸಿ.ಡಿ.ಗಳಾಗಿ ಅವರೊಟ್ಟಿಗೆ ಹೋಯಿತು. ಈಗಿನ ಕಂಪ್ಯೂಟರುಗಳು ಎಲ್ಲವನ್ನೂ ಓದಿವೆ, ಏನು ಕೇಳಿದರೂ ಹೇಳುತ್ತವೆ ಎಂದು, ಈಗ ನಾನೇ ಇಟ್ಟುಕೊಂಡಿರುವ ಡಿಟಿಪಿ ಅಂಗಡಿಗೆ ಬರುವ ಮಕ್ಕಳು ಹೇಳುತ್ತಾರೆ. ಇರಬಹುದು. ಅವುಗಳಿಗೆ ಸರಿತಪ್ಪು ಹೇಳಿಕೊಡಲು ಯಾರು ಕೂತಿದ್ದರು, ಅವರ ಮನೆಯಲ್ಲಿ ಆ ದಿನ ಏನು ನಡೆದಿತ್ತು ಎಂದು ನಾನು ಸುಮ್ಮನೆ ಯೋಚಿಸುತ್ತೇನೆ.

ಮೇಡಂ ಮನೆ ಖಾಲಿ ಮಾಡಿದ ದಿನ ನಾವು ಮೂವರೂ ಹೋಗಿದ್ದೆವು. ಟೆಂಪೋ ಹೊರಟ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಿಂತೆವು. ಮಾಸ್ಟ್ರ ಬಸ್ಸು ಮೊದಲು ಬರುವುದಿತ್ತು. "ಇನ್ನು ಶನಿವಾರ ಎಂತ ಮಾಡುವುದೋ" ಎಂದರು ಅವರು, ಯಾರನ್ನೂ ನೋಡದೆ.

"ಪಾಣೆಮಂಗಳೂರಿಗೆ ಬನ್ನಿ" ಎಂದರು ಬಾಪ.

ಬಾಯಿಮಾತಿಗೆ ಹೇಳಿದ್ದು ಎಂದುಕೊಂಡಿದ್ದೆ. ಎರಡು ವಾರದ ಮೇಲೆ ಮಾಸ್ಟ್ರು, ಮೊದಲೇ ಫೋನು ಮಾಡಿ ತಿಳಿಸಿ, ಒಂದು ಚೀಲ ಸೌತೆಕಾಯಿ ಹಿಡಿದುಕೊಂಡು ಬಂದೇಬಿಟ್ಟರು. ಅವರು ಸಸ್ಯಾಹಾರಿ ಎಂದು ಉಮ್ಮ ಹಿಂದಿನ ದಿನವೇ ಹೊಸ ಓಡು, ಅಂದರೆ ಮಣ್ಣಿನ ಕಾವಲಿ, ತರಿಸಿ ಪಳಗಿಸಿಟ್ಟಿದ್ದರು. ಅದರಲ್ಲಿ ಓಡುದೋಸೆ ಹುಯ್ದು, ಬೆಲ್ಲ ಹಾಕಿದ ಕಾಯಿಹಾಲಿನೊಟ್ಟಿಗೆ ಬಡಿಸಿದರು. ಮಾಸ್ಟ್ರು ಆರು ತಿಂದರು. ಆಮೇಲೆ ಇಬ್ಬರೂ ನಿಧಾನವಾಗಿ ನಡೆದುಕೊಂಡು ಹಳೆಯ ಸೇತುವೆಯ ತನಕ ಹೋದರು. ದಾರಿಯಲ್ಲಿ ಬಾಪ ಒಂದೊಂದು ಮನೆ ತೋರಿಸಿ ಅಲ್ಲಿಗೆ ಎಲ್ಲೆಲ್ಲಿಂದ ಕಾಗದ ಬರುತ್ತಿತ್ತು ಎಂದು ಹೇಳುತ್ತಿದ್ದರಂತೆ. ಸಂಜೆ ನಾನು ಬಿ.ಸಿ.ರೋಡಿನಲ್ಲಿ ಮಾಸ್ಟ್ರಿಗೆ ಬೆಳ್ತಂಗಡಿ ಮೇಲಿಂದ ಹೋಗುವ ಧರ್ಮಸ್ಥಳದ ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು ಎಂದು ಅವರು ಒಳಗಿನಿಂದ ಕೈ ಮಾಡಿದರು.